ಮನೆಯ ಬಹುಟ್ರ್ಯಾಕ್ ಧ್ವನಿಮುದ್ರಣದಲ್ಲಿ ದೋಷಪತ್ತೆ

ಹಾಡುಗಾರಿಕೆ, ವಾದ್ಯ, ತಾಳ ಮೊದಲಾದ ಧ್ವನಿಗಳನ್ನು ಪ್ರತ್ಯೇಕ ಟ್ರ್ಯಾಕ್‌ಗಳಲ್ಲಿ ದಾಖಲಿಸಿಕೊಂಡು, ಅನಂತರ ಒಂದಾಗಿ ಬೆರೆಸುವ ವಿಧಾನಕ್ಕೆ ಬಹುಟ್ರ್ಯಾಕ್ ಧ್ವನಿಮುದ್ರಣ ಎಂದು ಹೆಸರು. ಮೊದಲು ಮುದ್ರಿಸಿದ ಟ್ರ್ಯಾಕನ್ನು ಕೇಳುತ್ತಲೇ ಮುಂದಿನದನ್ನು ಮುದ್ರಿಸುವ ಕ್ರಿಯೆಯನ್ನು ಓವರ್‌ಡಬ್ ಎನ್ನುತ್ತಾರೆ. ಇಂದು ಒಂದು ಕಂಪ್ಯೂಟರ್, ಒಂದು ಆಡಿಯೊ ಇಂಟರ್‌ಫೇಸ್, ಒಂದು ಮೈಕ್ ಮತ್ತು ಹೆಡ್‌ಫೋನ್ ಇದ್ದರೆ ಮನೆಯಲ್ಲಿಯೇ ಇದು ಸಾಧ್ಯ. ಹೊಸಬರಿಗೆ ಎದುರಾಗುವ ತೊಂದರೆಗಳು ಹಲವೆಂದು ಕಂಡರೂ ಅವುಗಳ ಮೂಲಗಳು ಕೆಲವೇ. ಸಂಕೇತವು ಸಾಗುವ ಹಾದಿಯನ್ನು ಒಂದೊಂದೇ ಹಂತವಾಗಿ ಪರೀಕ್ಷಿಸಿದರೆ ಹೆಚ್ಚಿನವು ಪತ್ತೆಯಾಗುತ್ತವೆ.

ಹಿನ್ನೆಲೆ

ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಈ ವಿಧಾನದ ಆದ್ಯರಲ್ಲಿ ಒಬ್ಬರು. 1957ರಲ್ಲಿ ಅವರು ಆಂಪೆಕ್ಸ್ ಸಂಸ್ಥೆಯ ಎಂಟು ಟ್ರ್ಯಾಕ್‌ಗಳ ಟೇಪ್ ಯಂತ್ರವನ್ನು ಪಡೆದರು. ಟೇಪ್ ಯಂತ್ರದಲ್ಲಿ ಮುದ್ರಿಸುವ ಹೆಡ್ ಮತ್ತು ಕೇಳಿಸುವ ಹೆಡ್ ಬೇರೆಬೇರೆ ಕಡೆ ಇರುವುದರಿಂದ, ಹಳೆಯ ಟ್ರ್ಯಾಕ್ ಕೇಳುತ್ತ ಹೊಸದನ್ನು ಮುದ್ರಿಸಿದರೆ ಎರಡೂ ಹೊಂದುತ್ತಿರಲಿಲ್ಲ. ಮುದ್ರಿಸುವ ಹೆಡ್‌ನಿಂದಲೇ ಹಳೆಯ ಟ್ರ್ಯಾಕನ್ನು ಕೇಳಿಸುವ ಏರ್ಪಾಡನ್ನು ಆಂಪೆಕ್ಸ್ ಅಳವಡಿಸಿತು. ಕಂಪ್ಯೂಟರ್ ಯುಗದಲ್ಲಿಯೂ ಹೊಸಬರನ್ನು ಹೆಚ್ಚು ಕಾಡುವುದು ಇದೇ ವಿಳಂಬದ ಸಮಸ್ಯೆ. 1979ರಲ್ಲಿ ಬಂದ ಟಿಯಾಕ್ 144 ಪೋರ್ಟಾಸ್ಟುಡಿಯೊ ನಾಲ್ಕು ಟ್ರ್ಯಾಕ್‌ಗಳನ್ನು ಸಾಮಾನ್ಯ ಕ್ಯಾಸೆಟ್ಟಿಗೆ ತಂದು ಮನೆಮುದ್ರಣಕ್ಕೆ ಹಾದಿ ತೆರೆಯಿತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1982ರ ‘ನೆಬ್ರಾಸ್ಕ’ ಆಲ್ಬಮ್ ಅಂತಹ ಯಂತ್ರದಲ್ಲಿಯೇ ಮುದ್ರಿತವಾಯಿತು.

ಸಂಕೇತದ ಹಾದಿ

ಧ್ವನಿಯು ಮೈಕ್, ಕೇಬಲ್, ಇಂಟರ್‌ಫೇಸಿನ ಪ್ರೀಆಂಪ್, ಡಿಜಿಟಲ್ ಪರಿವರ್ತಕ, ಯುಎಸ್‌ಬಿ, ಡ್ರೈವರ್, ಮುದ್ರಣ ತಂತ್ರಾಂಶ ಎಂಬ ಕ್ರಮದಲ್ಲಿ ಒಳಬಂದು, ಅದೇ ಬಗೆಯ ಹಾದಿಯಲ್ಲಿ ಹೆಡ್‌ಫೋನಿಗೆ ಮರಳುತ್ತದೆ. ಏನೂ ಕೇಳಿಸದಿದ್ದಾಗ ಮೊದಲು ನೋಡಬೇಕಾದುದು ಇಂಟರ್‌ಫೇಸಿನ ಮೇಲಿರುವ ಮಟ್ಟಸೂಚಕ ದೀಪ. ಮೈಕಿನ ಮುಂದೆ ಮಾತನಾಡಿದಾಗ ದೀಪ ಉರಿಯದಿದ್ದರೆ ದೋಷ ಮೈಕ್, ಕೇಬಲ್ ಅಥವಾ ಗೇನ್ ಗುಂಡಿಯ ಬಳಿ ಇದೆ. ಉರಿದರೆ ಅಷ್ಟು ಭಾಗ ಸರಿಯಿದ್ದು ದೋಷ ಕಂಪ್ಯೂಟರಿನ ಕಡೆಗಿದೆ. ಹೀಗೆ ಹಾದಿಯನ್ನು ಅರ್ಧಕ್ಕೆ ಸೀಳುತ್ತ ಹೋಗುವುದು ಎಲ್ಲ ಗುಂಡಿಗಳನ್ನೂ ಒಟ್ಟಿಗೆ ತಿರುಗಿಸುವುದಕ್ಕಿಂತ ಬೇಗ ಫಲ ಕೊಡುತ್ತದೆ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು.

ಕಂಡೆನ್ಸರ್ ಮೈಕ್‌ಗಳಿಗೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಬೇಕು. ಡೈನಮಿಕ್ ಮೈಕ್‌ಗಳಿಗೆ ಬೇಡ. ಕಂಪ್ಯೂಟರಿನ ಕಡೆ ನೋಡುವುದಾದರೆ, ವಿಂಡೋಸ್ 10 ಮತ್ತು ಅನಂತರದ ಆವೃತ್ತಿಗಳಲ್ಲಿ, ಹಾಗೆಯೇ 2018ರ ಮ್ಯಾಕ್ಒಎಸ್ ಮೊಹಾವಿಯಿಂದ ಈಚೆಗೆ, ತಂತ್ರಾಂಶಕ್ಕೆ ಮೈಕ್ ಬಳಸುವ ಅನುಮತಿ ಇಲ್ಲದಿದ್ದರೆ ಟ್ರ್ಯಾಕ್ ಖಾಲಿಯಾಗಿಯೇ ಉಳಿಯುತ್ತದೆ. ಧ್ವನಿ ಬಂದರೂ ದೂರದಿಂದ ಬಂದಂತೆ ಇದ್ದರೆ, ಲ್ಯಾಪ್‌ಟಾಪಿನ ಒಳಮೈಕ್ ಆಯ್ಕೆಯಾಗಿರುವ ಸಂಭವವಿದೆ. ಹೊರಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲನೆ ಕೆರೆದು, ಬಳಿಕ ಲ್ಯಾಪ್‌ಟಾಪನ್ನು ತಟ್ಟಿ ನೋಡಿದರೆ ಯಾವುದು ಮುದ್ರಣವಾಗುತ್ತಿದೆ ಎಂಬುದು ತಿಳಿಯುತ್ತದೆ. ಪಕ್ಕದಿಂದ ಹಾಡಬೇಕಾದ ದೊಡ್ಡ ಕಂಡೆನ್ಸರ್ ಮೈಕಿಗೆ ಬೆನ್ನಿನ ಕಡೆಯಿಂದ ಹಾಡಿದಾಗಲೂ ಇದೇ ಮಂಕು ಧ್ವನಿ ಬರುತ್ತದೆ.

ಧ್ವನಿಮಟ್ಟ

ಡಿಜಿಟಲ್ ಮುದ್ರಣದಲ್ಲಿ 0 ಡೆಸಿಬೆಲ್ ಎಂಬುದು ಮೇಲ್ಛಾವಣಿ. ಪರಿವರ್ತಕದಲ್ಲಿ ಸಂಕೇತ ಅದನ್ನು ಮೀರಿದರೆ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ, ಇದೇ ಕ್ಲಿಪ್ಪಿಂಗ್. ಹಾಗೆ ಹೋದ ಭಾಗವನ್ನು ತಂತ್ರಾಂಶಗಳು ಊಹಿಸಿ ತುಂಬಬಲ್ಲವೇ ಹೊರತು ಮೂಲವನ್ನು ಮರಳಿಸಲಾರವು. ಅನಂತರ ಫೇಡರ್ ಇಳಿಸಿದರೆ ಒಡೆದ ಧ್ವನಿಯೇ ಮೆಲ್ಲಗೆ ಕೇಳಿಸುತ್ತದೆ, ಅಷ್ಟೆ. 24 ಬಿಟ್‌ನಲ್ಲಿ ಮುದ್ರಿಸುವಾಗ ಅತಿ ಜೋರಿನ ಭಾಗವೂ -12ರಿಂದ -6 ಡೆಸಿಬೆಲ್ ನಡುವೆ ಇರುವಂತೆ ಗೇನ್ ಇಡುವುದು ಕ್ಷೇಮ. ಪರೀಕ್ಷೆಗೆಂದು ಹಾಡುವಾಗ ಎಲ್ಲರೂ ಮೆಲ್ಲಗೆ ಹಾಡುತ್ತಾರೆ. ಆದುದರಿಂದ ಹಾಡಿನ ಏರುಸ್ಥಾಯಿಯ ಭಾಗವನ್ನೇ ಪೂರ್ಣ ಕಂಠದಿಂದ ಹಾಡಿಸಿ ಗೇನ್ ಹೊಂದಿಸಬೇಕು.

ವಿಳಂಬದ ಮೂರು ಬಗೆಗಳು

‘ಲೇಟೆನ್ಸಿ’ ಎಂಬ ಒಂದೇ ಪದದ ಅಡಿಯಲ್ಲಿ ಮೂರು ಬೇರೆ ದೋಷಗಳು ಸೇರಿಕೊಂಡಿವೆ. ಒಂದರ ಪರಿಹಾರ ಇನ್ನೊಂದಕ್ಕೆ ಸಲ್ಲದ ಕಾರಣ ಇವನ್ನು ಬೇರ್ಪಡಿಸಿ ನೋಡುವುದು ಅಗತ್ಯ.

ಮೊದಲನೆಯದು, ತನ್ನದೇ ಧ್ವನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿಸುವುದು. ಕಂಪ್ಯೂಟರು ಸ್ಯಾಂಪಲ್‌ಗಳನ್ನು ಬಫರ್ ಎಂಬ ಕಟ್ಟುಗಳಲ್ಲಿ ಸಂಸ್ಕರಿಸುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳಿರುವಾಗ 256 ಸ್ಯಾಂಪಲ್‌ಗಳ ಬಫರ್ ಸುಮಾರು 5.3 ಮಿಲಿಸೆಕೆಂಡ್, 1024ರದು ಸುಮಾರು 21.3 ಮಿಲಿಸೆಕೆಂಡ್ ಆಗುತ್ತದೆ. ಒಳಗೂ ಹೊರಗೂ ಬಫರ್ ಇರುವುದರಿಂದ ಒಟ್ಟು ವಿಳಂಬ ಇದರ ಇಮ್ಮಡಿಗಿಂತ ತುಸು ಹೆಚ್ಚು. ಗಾಳಿಯಲ್ಲಿ ಧ್ವನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುವುದನ್ನು ನೆನೆದರೆ, 10 ಮಿಲಿಸೆಕೆಂಡ್ ಎಂದರೆ ಮೂರೂವರೆ ಮೀಟರ್ ದೂರದ ಸಹವಾದಕನನ್ನು ಕೇಳಿದಂತೆ. ಬಫರ್ ಕಿರಿದಾದಂತೆ ವಿಳಂಬ ಇಳಿಯುತ್ತದೆ. ಆದರೆ ಅತಿ ಕಿರಿದಾದರೆ ಕಂಪ್ಯೂಟರು ಕೆಲಸ ಮುಗಿಸಲಾಗದೆ ಚಟಪಟ ಸದ್ದು ಬರುತ್ತದೆ. ಮುದ್ರಿಸುವಾಗ ಕಿರಿದು, ಬೆರೆಸುವಾಗ ಹಿರಿದು ಎಂಬುದು ರೂಢಿ. ವಿಂಡೋಸ್‌ನಲ್ಲಿ ಸ್ಟೈನ್‌ಬರ್ಗ್ ಸಂಸ್ಥೆ ರೂಪಿಸಿದ ಆಸಿಯೊ ಡ್ರೈವರ್ ಬಳಸಿದರೆ ವಿಳಂಬ ಗಣನೀಯವಾಗಿ ತಗ್ಗುತ್ತದೆ. ಇಂಟರ್‌ಫೇಸಿನಲ್ಲಿ ‘ಡೈರೆಕ್ಟ್ ಮಾನಿಟರ್’ ಇದ್ದರೆ ಧ್ವನಿ ಕಂಪ್ಯೂಟರಿಗೆ ಹೋಗದೆ ನೇರವಾಗಿ ಕಿವಿಗೆ ತಲುಪುತ್ತದೆ. ಆಗ ತಂತ್ರಾಂಶದ ಮಾನಿಟರಿಂಗನ್ನು ಆರಿಸಬೇಕು. ಎರಡೂ ಚಾಲೂ ಇದ್ದರೆ ಧ್ವನಿ ಜೋಡಿಯಾಗಿ, ಕೊಳವೆಯೊಳಗಿನಿಂದ ಬಂದಂತೆ ಕೇಳಿಸುತ್ತದೆ. ಬ್ಲೂಟೂತ್ ಹೆಡ್‌ಫೋನ್‌ಗಳ ವಿಳಂಬ ಹಲವೊಮ್ಮೆ 100 ಮಿಲಿಸೆಕೆಂಡನ್ನೂ ಮೀರುವುದರಿಂದ ಅವು ಈ ಕೆಲಸಕ್ಕೆ ಒದಗವು.

ಎರಡನೆಯದು, ಹಾಡುವಾಗ ಎಲ್ಲವೂ ಸರಿಯಿದ್ದು, ಮರಳಿ ಕೇಳಿದಾಗ ಹೊಸ ಟ್ರ್ಯಾಕ್ ಆದ್ಯಂತ ಒಂದೇ ಅಳತೆಯಲ್ಲಿ ಹಿಂದೆ ಬಿದ್ದಿರುವುದು. ಡ್ರೈವರು ತಂತ್ರಾಂಶಕ್ಕೆ ತಪ್ಪು ವಿಳಂಬವನ್ನು ವರದಿ ಮಾಡಿದಾಗ ಹೀಗಾಗುತ್ತದೆ. ಗಾಯಕನ ತಾಳಜ್ಞಾನವನ್ನು ದೂರುವ ಮೊದಲು ಒಂದು ಪರೀಕ್ಷೆ ಮಾಡುವುದು ನ್ಯಾಯ: ಇಂಟರ್‌ಫೇಸಿನ ಹೊರದಾರಿಯನ್ನು ಕೇಬಲ್ ಮೂಲಕ ಒಳದಾರಿಗೆ ಜೋಡಿಸಿ, ಮೆಟ್ರೊನೋಮಿನ ಸದ್ದನ್ನು ಹೊಸ ಟ್ರ್ಯಾಕಿಗೆ ಮುದ್ರಿಸಬೇಕು. ಪರೀಕ್ಷೆಯ ವೇಳೆ ಒಳದಾರಿಯ ಮಾನಿಟರಿಂಗ್ ಆರಿಸಿರಬೇಕು. ಇಲ್ಲವಾದರೆ ಸಂಕೇತ ಸುತ್ತುತ್ತ ಊಳಿಡುತ್ತದೆ. ಎರಡು ಅಲೆಗಳ ನಡುವಿನ ಅಂತರವನ್ನು ಅಳೆದು ತಂತ್ರಾಂಶದ ವಿಳಂಬ ತಿದ್ದುಪಡಿಯಲ್ಲಿ ತುಂಬಿದರೆ ಮುಂದಿನ ಮುದ್ರಣಗಳು ಹೊಂದಿಕೊಳ್ಳುತ್ತವೆ.

ಮೂರನೆಯದು, ಆರಂಭದಲ್ಲಿ ಸರಿಯಿದ್ದು ಬರಬರುತ್ತ ಸರಿಯುವುದು. ಯುಎಸ್‌ಬಿ ಮೈಕಿನಲ್ಲಿ ಮುದ್ರಿಸುತ್ತ ಬೇರೊಂದು ಸಾಧನದಲ್ಲಿ ಕೇಳುವಾಗ, ಅಥವಾ ಎರಡು ಯುಎಸ್‌ಬಿ ಮೈಕ್‌ಗಳನ್ನು ಒಟ್ಟಿಗೆ ಬಳಸುವಾಗ, ಪ್ರತಿ ಸಾಧನವೂ ತನ್ನದೇ ಗಡಿಯಾರದಂತೆ ಸ್ಯಾಂಪಲ್ ಎಣಿಸುತ್ತದೆ. ಅವುಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ನಿಮಿಷಕ್ಕೆ 3, ಹತ್ತು ನಿಮಿಷಕ್ಕೆ 30 ಮಿಲಿಸೆಕೆಂಡ್ ಅಂತರ ಬೆಳೆಯುತ್ತದೆ. ಟ್ರ್ಯಾಕನ್ನು ಹಿಂದೆಮುಂದೆ ಸರಿಸಿ ಇದನ್ನು ಸರಿಪಡಿಸಲಾಗದು. ಒಳಬರುವುದೂ ಹೊರಹೋಗುವುದೂ ಒಂದೇ ಇಂಟರ್‌ಫೇಸಿನಲ್ಲಿ ಆಗುವಂತೆ ನೋಡಿಕೊಳ್ಳುವುದೇ ಸರಳ ಉಪಾಯ.

ಹಳೆಯ ಟ್ರ್ಯಾಕ್ ಹೊಸದರೊಳಗೆ

ಹೊಸ ಟ್ರ್ಯಾಕನ್ನು ಒಂಟಿಯಾಗಿ ಕೇಳಿದಾಗ ಹಿಂದಿನ ವಾದ್ಯಗಳೂ ಕೇಳಿಸಿದರೆ ಬೆರೆಸುವ ಸ್ವಾತಂತ್ರ್ಯವೇ ಕೈತಪ್ಪುತ್ತದೆ. ಹಳೆಯದು ಸ್ಫುಟವಾಗಿ, ಪೂರ್ಣ ಬಲದಲ್ಲಿ ಕೇಳಿಸಿದರೆ ತಂತ್ರಾಂಶದ ಒಳದಾರಿಯಾಗಿ ‘ಸ್ಟೀರಿಯೊ ಮಿಕ್ಸ್’ ಅಥವಾ ‘ಲೂಪ್‌ಬ್ಯಾಕ್’ ಆಯ್ಕೆಯಾಗಿದೆ ಎಂದರ್ಥ. ಕ್ಷೀಣವಾಗಿ, ತಗಡಿನಂತೆ ಕೇಳಿಸಿದರೆ ಅದು ಹೆಡ್‌ಫೋನಿನಿಂದ ಸೋರಿ ಮೈಕಿಗೆ ಬಂದದ್ದು; ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಬಳಸಿ ಮಟ್ಟ ತಗ್ಗಿಸಬೇಕು.

ಗುಂಯ್‌ಗುಡುವಿಕೆ ಮತ್ತು ಇತರ ಸದ್ದು

ಭಾರತದಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದುದರಿಂದ ಮನೆಯ ಮುದ್ರಣಗಳಲ್ಲಿ 50 ಮತ್ತು 100 ಹರ್ಟ್ಸ್‌ಗಳ ಗುಂಯ್‌ಗುಡುವಿಕೆ ಸಾಮಾನ್ಯ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದಾಗ ಅದು ನಿಂತರೆ ಕಾರಣ ಚಾರ್ಜರ್ ಅಥವಾ ಅರ್ತಿಂಗ್ ಸುತ್ತು; ಬ್ಯಾಟರಿಯಲ್ಲಿಯೇ ಮುದ್ರಿಸಬಹುದು, ಇಲ್ಲವೇ ಎಲ್ಲ ಸಾಧನಗಳನ್ನು ಒಂದೇ ವಿದ್ಯುತ್ ಪಟ್ಟಿಗೆ ಜೋಡಿಸಬಹುದು. ಸದ್ದು ತಗ್ಗಲೆಂದು ಪ್ಲಗ್ಗಿನ ಅರ್ತ್ ಪಿನ್ ತೆಗೆಯುವುದು ಪ್ರಾಣಾಪಾಯಕಾರಿ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಚೌಕಾಲೆಯ ಇನ್ವರ್ಟರ್ ಇವು ಗಿಟಾರಿನ ಪಿಕಪ್‌ಗೆ ಜಿರಿಜಿರಿ ಸದ್ದು ತುಂಬುತ್ತವೆ. ಫ್ಯಾನಿನ ಗಾಳಿ ಮಾತ್ರ ಯಾವ ಫಿಲ್ಟರಿಗೂ ಪೂರ್ತಿ ಮಣಿಯದು. ಹಾಡುವಷ್ಟು ಹೊತ್ತು ಆರಿಸುವುದೇ ಲೇಸು.

ಸ್ಯಾಂಪಲ್ ದರ ಮತ್ತು ಶ್ರುತಿ

44,100 ಹರ್ಟ್ಸ್‌ನಲ್ಲಿ ಮುದ್ರಿಸಿದ ಕಡತವನ್ನು ಪರಿವರ್ತಿಸದೆ 48,000ದಲ್ಲಿ ನುಡಿಸಿದರೆ ವೇಗ ಸುಮಾರು ಶೇ. 9ರಷ್ಟು ಏರುತ್ತದೆ, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಮೇಲೇರುತ್ತದೆ. ಬೇರೆ ಊರಿನ ಸಹವಾದಕರಿಂದ ಬಂದ ಟ್ರ್ಯಾಕ್ ಶ್ರುತಿಗೆ ಕೂಡದಿದ್ದಾಗ ವಾದ್ಯವನ್ನು ಶಂಕಿಸುವ ಮೊದಲು ಕಡತದ ದರವನ್ನು ನೋಡಬೇಕು. ಇಂತಹ ವಿನಿಮಯದಲ್ಲಿ ಪ್ರತಿ ಟ್ರ್ಯಾಕನ್ನೂ ಹಾಡಿನ ಮೊದಲ ಕ್ಷಣದಿಂದಲೇ, ನಡುವಿನ ಮೌನವನ್ನೂ ಸೇರಿಸಿ, ವೇವ್ ಕಡತವಾಗಿ ಕಳುಹಿಸುವುದು ವಾಡಿಕೆ. ಎಂಪಿ3ಗೆ ಬದಲಿಸಿದರೆ ಆರಂಭದಲ್ಲಿ ಅಲ್ಪ ಮೌನ ಸೇರಿಕೊಂಡು ಹೊಂದಿಕೆ ಮತ್ತೆ ತಪ್ಪಬಹುದು.