ಬಟಾಣಿ ಬಳ್ಳಿ, ಬೆಂಕಿಕಡ್ಡಿ, ಅಜಂತೆಯ ಜಿಂಕೆ

ಎರಡು ನಿಮಿಷದ ಅನಿಮೇಷನ್ ಕಥೆಯೊಂದನ್ನು ಪ್ರಾಜೆಕ್ಟಿಗೆಂದು ಮಾಡಿ ತರಲು ಕಾಲೇಜಿನಲ್ಲಿ ಹೇಳಿದರೆ, ನಮ್ಮ ಮಕ್ಕಳಿಗೆ ಮೊದಲು ನೆನಪಾಗುವುದು ಅಮೆರಿಕದ ಡಿಸ್ನಿ, ಇಲ್ಲವೆ ಜಪಾನಿನ ಚಿತ್ರಗಳು. ನೌಕರಿಯ ನಿಮಿತ್ತ ನಾಸಿಕದಲ್ಲೋ ಛತ್ರಪತಿ ಸಂಭಾಜಿನಗರದಲ್ಲೋ ನೆಲೆ ನಿಂತ ನಮ್ಮಂಥವರ ಮನೆಯ ಹುಡುಗರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಈ ವಿದ್ಯೆಯ ಹಳೆಯ ಹೆಜ್ಜೆಗಳು ಇಲ್ಲಿನ ಬಸ್ಸಿನ ದಾರಿಯಲ್ಲೇ ಇವೆ.

ದಾದಾಸಾಹೇಬ ಫಾಳ್ಕೆಯವರು ಹುಟ್ಟಿದ್ದು 1870ರಲ್ಲಿ, ನಾಸಿಕದ ಪಕ್ಕದ ತ್ರ್ಯಂಬಕೇಶ್ವರದಲ್ಲಿ. 1912ರಲ್ಲಿ ಲಂಡನ್ನಿಗೆ ಹೋಗಿ ಕ್ಯಾಮೆರಾ ಕೊಂಡು ತಂದರೇನೋ ಸರಿ, ಸಿನಿಮಾ ತೆಗೆಯಲು ಹಣ ಕೊಡುವವರು ಬೇಕಲ್ಲ! ಅವರು ಕುಂಡದಲ್ಲಿ ಬಟಾಣಿ ಬಿತ್ತಿ, ಅದರ ಎದುರು ಕ್ಯಾಮೆರಾ ಇಟ್ಟು, ಮೊಳಕೆ ಒಡೆದು ಬಳ್ಳಿಯಾಗುವವರೆಗೂ ದಿನದಿನವೂ ಚಿತ್ರ ತೆಗೆದರು. ವಾರಗಟ್ಟಲೆ ನಡೆದ ಬೆಳವಣಿಗೆ ಪರದೆಯ ಮೇಲೆ ಕಣ್ಣೆದುರೇ ನಡೆದುಹೋಯಿತು. ಅದನ್ನು ನೋಡಿದ ಮೇಲೆ ಸಾಲ ಹುಟ್ಟಿತು; 1913ರಲ್ಲಿ 'ರಾಜಾ ಹರಿಶ್ಚಂದ್ರ' ಬಂತು. ಬಿ.ಎಸ್ಸಿ. ತರಗತಿಯಲ್ಲಿ ಮೊಳಕೆಯ ಹಂತಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಒಂದೊಂದಾಗಿ ಬರೆದ ನಮ್ಮಂಥವರಿಗೆ ಇದು ಪರಿಚಿತ ಕೆಲಸವೇ. ಆ ಚಿತ್ರಗಳನ್ನು ಓಡಿಸಬಹುದೆಂದು ನಮಗೆ ಹೊಳೆದಿರಲಿಲ್ಲ, ಅಷ್ಟೆ.

ಆ ವರ್ಷವೇ ಫಾಳ್ಕೆಯವರು ಬಿಡಾರವನ್ನು ನಾಸಿಕಕ್ಕೆ ಬದಲಾಯಿಸಿದರು. 1915ರ ಸುಮಾರಿಗೆ ಬೆಂಕಿಕಡ್ಡಿಗಳನ್ನೇ ಪಾತ್ರ ಮಾಡಿ 'ಆಗಕಾಡ್ಯಾಂಚೀ ಮೌಜ್', ಅಂದರೆ ಕಡ್ಡಿಗಳ ಮೋಜು, ಎಂಬ ಕಿರುಚಿತ್ರ ತೆಗೆದರು. ಕಡ್ಡಿಯನ್ನು ತುಸುವೇ ಸರಿಸಬೇಕು, ಕೈ ಹಿಂದೆಗೆದುಕೊಂಡು ಒಂದು ಚಿತ್ರ ತೆಗೆಯಬೇಕು, ಮತ್ತೆ ಸರಿಸಬೇಕು. ಫ್ರಾನ್ಸಿನ ಎಮಿಲ್ ಕೋಲ್ ಎಂಬವರು 1908ರಲ್ಲೇ ಕಡ್ಡಿಗಳನ್ನು ಹೀಗೆ ಕುಣಿಸಿದ್ದರು. ಫಾಳ್ಕೆಯವರ ಕಡ್ಡಿಚಿತ್ರದ ಪ್ರತಿ ಇಂದು ಉಳಿದಿಲ್ಲ. ನಾಸಿಕದಲ್ಲೇ 1944ರಲ್ಲಿ ಅವರು ತೀರಿಕೊಂಡರು. ಪಾಂಡವಲೇಣಿ ಗುಡ್ಡದ ಬುಡದಲ್ಲಿ ಅವರ ಸ್ಮಾರಕವಿದೆ.

ಆದರೆ ಪ್ರಾಜೆಕ್ಟ್ ಎಂಬ ಮಾತಿಗೆ ನಿಜವಾಗಿ ಒಪ್ಪುವ ಕಥೆ ಇನ್ನೊಂದು. 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿನಲ್ಲಿ ಕಾರ್ಟೂನ್ ವಿಭಾಗ ಶುರುವಾಯಿತು. ಹುಡುಗರಿಗೆ ಕಲಿಸಲು ಬಂದವರು ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್. ಕಲಿಯಲು ಸೇರಿದವರಲ್ಲಿ ರಾಮ್ ಮೋಹನ್ ಒಬ್ಬರು. ರಸಾಯನಶಾಸ್ತ್ರ ಓದಿಕೊಂಡಿದ್ದ ಈತ ಅದನ್ನು ಬಿಟ್ಟು ಕುಂಚ ಹಿಡಿದು, ಮುಂದೆ ಭಾರತೀಯ ಅನಿಮೇಷನ್ನಿನ ಹಿರಿಯರೆನಿಸಿದರು. (ವಿಜ್ಞಾನ ಓದಿ ಫೈಲು ಹಿಡಿದ ನಮಗೆ ಈ ಸಂಗತಿ ಏಕೋ ಬಹಳ ಹಿಡಿಸುತ್ತದೆ.) ಕಲಿಕೆಯ ಫಲವಾಗಿ 1957ರಲ್ಲಿ 'ಬ್ಯಾನಿಯನ್ ಡೀರ್' ಸಿದ್ಧವಾಯಿತು. ಡಿಸ್ನಿಯವರಿಂದ ಪಾಠ ಹೇಳಿಸಿಕೊಂಡವರು ಅದರಲ್ಲಿ ಡಿಸ್ನಿಯ ಇಲಿಯನ್ನು ಬರೆಯಲಿಲ್ಲ. ಬುದ್ಧನ ಪೂರ್ವಜನ್ಮದ ಜಾತಕ ಕಥೆಯನ್ನು ತೆಗೆದುಕೊಂಡು, ಅಜಂತೆಯ ಭಿತ್ತಿಚಿತ್ರಗಳ ರೇಖೆ-ಬಣ್ಣಗಳ ಜಾಡಿನಲ್ಲಿ ಜಿಂಕೆಯನ್ನು ನಡೆಸಿದರು.

ಅಜಂತೆ ಇರುವುದು ಸಂಭಾಜಿನಗರದಿಂದ ಸುಮಾರು 100 ಕಿಲೋಮೀಟರಿನಲ್ಲಿ. 17ನೆಯ ಗುಹೆಯ ಗೋಡೆಗಳಲ್ಲಿ ಒಂದೇ ಪಾತ್ರ ಒಂದೇ ಗೋಡೆಯ ಮೇಲೆ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಚಿತ್ರ ನಿಂತಿರುತ್ತದೆ, ನೋಡುವವನು ನಡೆದು ಕಥೆ ಮುಂದುವರಿಸಬೇಕು. ಇನ್ನೂ ಹತ್ತಿರದ ಎಲ್ಲೋರದಲ್ಲಿ, ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯದ ಗೋಡೆಯಲ್ಲಿ ರಾಮಾಯಣವನ್ನು ಸಾಲುಸಾಲಾಗಿ ಕೆತ್ತಿದ್ದಾರೆ. ರಜೆಯಲ್ಲಿ ಊರಿಂದ ಬಂದ ನೆಂಟರಿಗೆ ಅದನ್ನು ತೋರಿಸುವಾಗ ಆನೆಯ ಮುಂದೆ ಫೋಟೋ ತೆಗೆಸಿಕೊಂಡು ಹೊರಡುವವರೇ ಹೆಚ್ಚು. ಆ ಸಾಲುಗಳ ಮುಂದೆ ತುಸು ನಿಲ್ಲಬೇಕು.

ಸಂಭಾಜಿನಗರ ಜಿಲ್ಲೆಯದೇ ಪೈಠಣದ ಹೆಸರು ಹೊತ್ತ ಚಿತ್ರಕಥಿ ಹಾಳೆಗಳೂ ಉಂಟು. ಕಥೆಗಾರ ಒಂದೊಂದು ಚಿತ್ರವನ್ನು ಎತ್ತಿ ತೋರಿಸುತ್ತ ಹಾಡಿ ಹೇಳುತ್ತಿದ್ದ. ಆ ಮುಖ, ಆ ದೊಡ್ಡ ಕಣ್ಣು ನಮ್ಮ ಕಡೆಯ ತೊಗಲುಗೊಂಬೆಗಳನ್ನು ನೋಡಿದವರಿಗೆ ಹೊಸದೆನಿಸದು. ಕರ್ನಾಟಕದ ತೊಗಲುಗೊಂಬೆಯವರಲ್ಲಿ ಅನೇಕರು ಮನೆಯೊಳಗೆ ಇಂದಿಗೂ ಮರಾಠಿಯ ಒಂದು ಬಗೆಯನ್ನಾಡುತ್ತಾರೆ. ಆಟದಲ್ಲಿ ಮಾತ್ರ ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ಈ ಕಡೆಯಿಂದ ಆ ಕಡೆಗೆ ಹೋದ ಜನ ಮನೆಮಾತನ್ನು ಹಾಗೆ ಉಳಿಸಿಕೊಂಡರು. ಆ ಕಡೆಯಿಂದ ಈ ಕಡೆಗೆ ಬಂದ ನಮ್ಮ ಮನೆಗಳಲ್ಲಿ ಎರಡನೆಯ ತಲೆಮಾರಿಗೇ ಅಜ್ಜಿಯ ಮಾತಿಗೆ ಹಿಂದಿಯಲ್ಲಿ ಉತ್ತರ ಬರುತ್ತಿದೆ.

ಇನ್ನು ಲೆಕ್ಕ. ಸೆಕೆಂಡಿಗೆ 24 ಚೌಕಟ್ಟು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಬಳಸಿದರೆ 12 ಚಿತ್ರ ಸಾಕು. ಎರಡು ನಿಮಿಷಕ್ಕೆ 1440. ದಿನಕ್ಕೆ ಐವತ್ತು ತೆಗೆದರೆ ಒಂದು ತಿಂಗಳ ಕೆಲಸ. ಅಲುಗಾಡದಂತೆ ಕಟ್ಟಿದ ಮೊಬೈಲು, ಒಂದು ಮೇಜುದೀಪ, ರಟ್ಟಿನಲ್ಲಿ ಕತ್ತರಿಸಿದ ಗೊಂಬೆ ಇದ್ದರಾಯಿತು. ಕಾಲೇಜಿಗೆ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಧ್ವನಿ ಕೊಟ್ಟು ಒಪ್ಪಿಸಲಿ. ಅದೇ ಚಿತ್ರಗಳಿಗೆ ಅಜ್ಜಿಯನ್ನು ಕೂರಿಸಿ ಕನ್ನಡದ ಧ್ವನಿಯನ್ನೂ ಜೋಡಿಸಲು ಬೇರೆ ಖರ್ಚಿಲ್ಲ. ರಾಜ್ಯೋತ್ಸವದ ದಿನ ಸಂಘದ ಸಭೆಯಲ್ಲಿ, ಭಾಷಣಗಳಿಗೆ ಮುಂಚೆ, ಎರಡು ನಿಮಿಷ ಅದನ್ನು ತೋರಿಸಬಹುದು.