ಭೂಮಿಯ ನೆರೆಗೆ ಬರುವ ಕಿರುಗ್ರಹಗಳು

ಕಾಕನಕೋಟೆಯ ಅರಣ್ಯದಲ್ಲಿ 1971ರವರೆಗೆ ಆನೆಗಳನ್ನು ಹಿಡಿಯುವ ಖೆಡ್ಡಾ ನಡೆಯುತ್ತಿದ್ದಿತು. ಹಿಂಡು ಕಣ್ಣಿಗೆ ಬೀಳುವುದಕ್ಕೆ ಮೊದಲೇ ಅಲ್ಲಿಯ ಜೇನುಕುರುಬರು ಹೆಜ್ಜೆಯನ್ನು ನೋಡಿ ಅದರ ಹಾದಿಯನ್ನು ಅರಿಯುತ್ತಿದ್ದರು. ಒಂದೇ ಹೆಜ್ಜೆಯಿಂದ ಹಾದಿಯು ನಿಶ್ಚಯವಾಗದು. ಹೆಜ್ಜೆಗಳ ಸಾಲು ಬೇಕು. ಆಕಾಶದಲ್ಲಿ ಸಂಚರಿಸುವ ಕಿರುಗ್ರಹಗಳ ವಿಚಾರವೂ ಹೀಗೆಯೇ. ಅವುಗಳಲ್ಲಿ ನಮ್ಮ ನೆರೆಗೆ ಬರುವವುಗಳ ಹಾದಿಯನ್ನು ಮನುಷ್ಯನು ತಿಳಿದ ಬಗೆಯನ್ನು ಈ ದಿನ ವಿಚಾರಿಸೋಣ.

ಕಿರುಗ್ರಹಗಳಲ್ಲಿ ಮೊದಲನೆಯದಾದ ಸಿರಿಸ್ 1801ನೆಯ ಇಸವಿ ಜನವರಿ 1ರಂದು ಪಿಯಾಜಿ ಎಂಬುವರಿಗೆ ಗೋಚರವಾಯಿತು. ನಮ್ಮ ದಕ್ಷಿಣ ದೇಶದಲ್ಲಿಯೂ ಮದರಾಸಿನ ವೇಧಶಾಲೆಯಿಂದ ಪಾಗ್ಸನ್ ಅವರು 1861ರಲ್ಲಿ 'ಏಷ್ಯಾ' ಎಂಬುದನ್ನು ಕಂಡುಹಿಡಿದರು. ಆದರೆ ಹೀಗೆ ದೊರೆತ ನೂರಾರು ಕಾಯಗಳು ಬಹುಮಟ್ಟಿಗೆ ಮಂಗಳ ಗುರುಗಳ ನಡುವೆ ಸುತ್ತುವಂಥವು.

1898ನೆಯ ಇಸವಿ ಆಗಸ್ಟ್ 13ರ ರಾತ್ರಿ ಈ ಸ್ಥಿತಿ ಬದಲಾಯಿತು. ಬರ್ಲಿನ್ ನಗರದ ಯುರೇನಿಯಾ ವೇಧಶಾಲೆಯಲ್ಲಿ ಗುಸ್ತಾವ್ ವಿಟ್ ಅವರು, ಫೆಲಿಕ್ಸ್ ಲಿಂಕೆಯವರೊಡನೆ, ಯೂನಿಕೆ ಎಂಬ ಕಿರುಗ್ರಹದ ಸ್ಥಾನವನ್ನು ಅಳೆಯಲೆಂದು ಎರಡು ಗಂಟೆಗಳ ಕಾಲ ಛಾಯಾಚಿತ್ರವನ್ನು ತೆಗೆದರು. ದೂರದರ್ಶಕವು ನಕ್ಷತ್ರಗಳನ್ನು ಅನುಸರಿಸಿ ತಿರುಗುವುದರಿಂದ ಅವು ಚುಕ್ಕೆಗಳಾಗಿ ಮೂಡುತ್ತವೆ. ಚಲಿಸುವ ಕಾಯವಾದರೋ ಗೆರೆಯಾಗಿ ಮೂಡುತ್ತದೆ. ಆ ಫಲಕದಲ್ಲಿ ಎದುರುನೋಡದ ಒಂದು ಗೆರೆಯಿದ್ದಿತು. ಅದೇ ಈರೋಸ್. ಅದೇ ರಾತ್ರಿ ನೀಸ್ ಪಟ್ಟಣದಲ್ಲಿ ಷಾರ್ಲ್ವಾ ಅವರ ಫಲಕದಲ್ಲಿಯೂ ಅದು ಬಿದ್ದಿದ್ದಿತು.

ಈರೋಸ್ ಸೂರ್ಯನಿಗೆ ಸುಮಾರು 17 ಕೋಟಿ ಕಿಲೋಮೀಟರು ಹತ್ತಿರಕ್ಕೆ ಬಂದು, 26.7 ಕೋಟಿ ಕಿಲೋಮೀಟರು ದೂರಕ್ಕೆ ಹೋಗಿ, 643 ದಿನಗಳಲ್ಲಿ ಒಂದು ಸುತ್ತನ್ನು ಮುಗಿಸುತ್ತದೆ. ಮಂಗಳನ ಕಕ್ಷೆಯ ಒಳಕ್ಕೆ ಬರುವುದಾದರೂ ಭೂಕಕ್ಷೆಯನ್ನು ದಾಟುವುದಿಲ್ಲ. ಈ ಲೆಕ್ಕವನ್ನು ಬಲಪಡಿಸಿದುದು ಹಳೆಯ ಫಲಕಗಳು. ಹಾರ್ವರ್ಡ್ ವೇಧಶಾಲೆಯಲ್ಲಿ ಜೋಪಾನವಾಗಿದ್ದ 1893 ರಿಂದ 1896ರವರೆಗಿನ ಛಾಯಾಫಲಕಗಳನ್ನು ಶೋಧಿಸಲು, ಯಾರೂ ಗುರುತಿಸದ ಈರೋಸಿನ ಹೆಜ್ಜೆಗಳು ಅಲ್ಲಿ ದೊರೆತವು. 1931ರಲ್ಲಿ ಅದು 2.6 ಕೋಟಿ ಕಿಲೋಮೀಟರು ಸಮೀಪಕ್ಕೆ ಬಂದಾಗ ಅನೇಕ ದೇಶಗಳ ವೇಧಶಾಲೆಗಳು ಅದನ್ನು ಅಳೆದವು. ಆ ಅಳತೆಗಳಿಂದ ಸ್ಪೆನ್ಸರ್ ಜೋನ್ಸ್ ಅವರು ಸೂರ್ಯನ ದೂರವನ್ನು ಗಣಿಸಿ 1941ರಲ್ಲಿ ಪ್ರಕಟಿಸಿದರು.

ನಮ್ಮವರೂ ಈ ಕಾರ್ಯದಲ್ಲಿ ಹಿಂದುಳಿಯಲಿಲ್ಲ. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಗೆ ಸೇರಿದ ಕಾವಲೂರು ವೇಧಶಾಲೆಯಲ್ಲಿ, 'ಕಲ್ಕಿ' ಎಂಬ ಶೋಧಕಾರ್ಯದಲ್ಲಿ ತೊಡಗಿದ್ದ ರಾಜಮೋಹನ್ ಅವರು 1988ನೆಯ ಇಸವಿ ಫೆಬ್ರವರಿ 17ರಂದು ಹೊಸದೊಂದು ಕಿರುಗ್ರಹವನ್ನು ಕಂಡುಹಿಡಿದರು. ಅದಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರನ್ನಿಡಲಾಯಿತು. ಇದು ಮಂಗಳನ ಆಚೆಯದಾದರೂ ಶೋಧದ ವಿಧಾನವು ಅದೇ: ಫಲಕದ ಮೇಲೆ ಹೆಜ್ಜೆಯನ್ನು ಹುಡುಕುವುದು.

ಈ ತಾಳ್ಮೆಯ ಬೆಲೆಯು 2004ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಆ ವರ್ಷದ ಜೂನಿನಲ್ಲಿ ಅಮೆರಿಕಾದ ಕಿಟ್ ಪೀಕ್ ಪರ್ವತದಿಂದ ಅಪೋಫಿಸ್ ಕಂಡುಬಂದಿತು. ಅದು 2029ರಲ್ಲಿ ಭೂಮಿಗೆ ಬಡಿಯುವ ಸಂಭವವು ಡಿಸೆಂಬರಿನ ಲೆಕ್ಕದಲ್ಲಿ 37ಕ್ಕೆ 1ರಷ್ಟಕ್ಕೆ ಏರಿತು. ಆಗ ಮಾರ್ಚಿಯಲ್ಲೇ ತೆಗೆದಿಟ್ಟಿದ್ದ ಚಿತ್ರಗಳಲ್ಲಿ ಅದರ ಗುರುತು ಸಿಕ್ಕಿತು, ಹಾದಿ ಸ್ಪಷ್ಟವಾಯಿತು, ಆ ಭಯವು ನೀಗಿತು. 2029ನೆಯ ಇಸವಿ ಏಪ್ರಿಲ್ 13ರಂದು ಅದು ಭೂಮಿಯಿಂದ ಸುಮಾರು 32 ಸಾವಿರ ಕಿಲೋಮೀಟರು ಎತ್ತರದಲ್ಲಿ, ಅಂದರೆ ಹಾಸನದ ಕೇಂದ್ರವು ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳಿಗಿಂತಲೂ ತಗ್ಗಿನಲ್ಲಿ, ಸಾಗಲಿದೆ. ಭೂಮಿಯ ಸೆಳೆತದಿಂದ ಅದರ ಹಾದಿಯೂ ಬಾಗಿ, 324 ದಿನಗಳ ಸುತ್ತು ಒಂದು ವರ್ಷವನ್ನು ಮೀರುವುದು. ಮುಂದಿನ ನೂರು ವರ್ಷಗಳವರೆಗೆ ಅದರಿಂದ ಅಪಾಯವಿಲ್ಲವೆಂದು 2021ರ ರೇಡಾರ್ ಅಳತೆಗಳು ತಿಳಿಸಿದವು.

ಫಲಕವನ್ನು ತೆಗೆದವನಿಗೆ ಅದರ ಪ್ರಯೋಜನವು ಆ ದಿನವೇ ತೋರದಿರಬಹುದು. ಇಂದು ಬೇಡವೆಂದು ಕಾಣುವ ದಾಖಲೆಯನ್ನು ಕೆಡಿಸದೆ ಇಡುವುದು ಮುಂದಿನವರಿಗೆ ನಾವು ಸಲ್ಲಿಸಬೇಕಾದ ಋಣ.