ಒಳಗೆ ಹೋಗಲಾಗದ ಮನೆ

ಮೊನ್ನೆ ತಂಬ್ರಹಳ್ಳಿಯ ಮನೆಯಲ್ಲಿ ಕೂತು ಒಂದು ಜಾವಾ ಪ್ರೋಗ್ರಾಮನ್ನು ಯೂನಿಕರ್ನೆಲ್ ಆಗಿ ಓಡಿಸಿದೆ. ಓಡಿತು, ಆದರೆ ಬ್ರೌಸರಿಗೆ ಉತ್ತರವೇ ಇಲ್ಲ! ಒಳಹೊಕ್ಕು ನೋಡೋಣವೆಂದರೆ ಲಾಗಿನ್ ಇಲ್ಲ, ಶೆಲ್ ಇಲ್ಲ, ಪಿಂಗ್ ಕೂಡ ಇಲ್ಲ...

ಇದಕ್ಕೊಂದು ಇತಿಹಾಸವಿದೆ. ಆಪರೇಟಿಂಗ್ ಸಿಸ್ಟಮ್ಮಿನ ಕೆಲಸವನ್ನು ಪ್ರೋಗ್ರಾಮಿಗೇ ಬಿಡೋಣ ಎಂದು 1995ರಲ್ಲಿ ಎಂಐಟಿಯ ಎಕ್ಸೋಕರ್ನೆಲ್ ತಂಡ ಹೇಳಿತು. 2013ರಲ್ಲಿ ಅನಿಲ್ ಮಾಧವಪೆದ್ದಿ ಮತ್ತು ಸಂಗಡಿಗರ ಪ್ರಬಂಧದಿಂದ 'ಯೂನಿಕರ್ನೆಲ್' ಎಂಬ ಹೆಸರು ಹಬ್ಬಿತು. ಅದೇ ವರ್ಷ ಇಸ್ರೇಲಿನ ಕ್ಲೌಡಿಯಸ್ ಸಿಸ್ಟಮ್ಸ್, ಜಾವಾ ಓಡಿಸಬಲ್ಲ ಓಎಸ್‌ವಿಯನ್ನು ಹೊರತಂದಿತು. ಒಂದು ವರ್ಚುಯಲ್ ಯಂತ್ರಕ್ಕೆ ಒಂದೇ ಪ್ರೋಗ್ರಾಮು. ಕೆಟ್ಟರೆ ಹುಡುಕುವುದು ಹೇಗೆ ಎಂದು 2016ರಲ್ಲಿ ಬ್ರಯಾನ್ ಕ್ಯಾಂಟ್ರಿಲ್ ಜಗಳಕ್ಕೇ ಬಿದ್ದರು.

ನನ್ನ ಪಾಲಿಗೆ ಉತ್ತರ ಹೊರಗೆ ಸಿಕ್ಕಿತು. ಹೋಸ್ಟಿನ ಟ್ಯಾಪ್ ಇಂಟರ್‌ಫೇಸಿನಲ್ಲಿ ಟಿಸಿಪಿಡಂಪ್ ಹಾಕಿದೆ. ಡಿಎಚ್‌ಸಿಪಿ ವಿಳಾಸ ಕೊಟ್ಟಿದೆ, ಎಆರ್‌ಪಿಗೆ ಉತ್ತರ ಬರುತ್ತಿದೆ, ಟಿಸಿಪಿಗೆ ಮಾತ್ರ ರೀಸೆಟ್. ಅಂದರೆ ದಾರಿ ಸರಿ, ಬಾಗಿಲು ಮುಚ್ಚಿದೆ! ಪ್ರೋಗ್ರಾಮು 127.0.0.1ರಲ್ಲಿ ಕಾಯುತ್ತಿತ್ತು. ಲಿನಕ್ಸಿನಲ್ಲಾದರೆ ಪಕ್ಕದ ಪ್ರೋಗ್ರಾಮಾದರೂ ಮಾತಾಡಿಸೀತು, ಇಲ್ಲಿ ಪಕ್ಕದವರೇ ಇಲ್ಲ. 0.0.0.0 ಎಂದು ಬದಲಿಸಿ ಇಮೇಜನ್ನು ಮತ್ತೆ ಕಟ್ಟಿದೆ, ಪುಟ ಬಂತು.

ಗೆಳೆಯರೇ, ಇಂಥ ವಿಳಾಸಗಳನ್ನು ಇಮೇಜಿನೊಳಗೆ ಹೂಳಬೇಡಿ, ಬೂಟ್ ಆಗುವಾಗ ಹೊರಗಿನಿಂದ ಕೊಡಿ. ಒಳಗೆ ಹೋಗಲಾಗದ ಮನೆಯ ಬೀಗದಕೈ ಹೊರಗೇ ಇರಬೇಕು :)